ಕಾರವಾರದ ದೋಣಿ, ಕರಾಚಿಯ ದೋಣಿ

ಕಾರವಾರದ ಟಾಗೋರ್ ಕಡಲತೀರಕ್ಕೆ ಹೋದವರು ಅಲ್ಲಿ ದಡದ ಮೇಲೆ ಮ್ಯೂಸಿಯಂ ಆಗಿ ನಿಂತಿರುವ ಐಎನ್‌ಎಸ್ ಚಪಲವನ್ನು ಹತ್ತಿಳಿಯದೆ ಬರುವುದು ಕಡಿಮೆ. ‘ಕರಾಚಿಗೆ ಬೆಂಕಿಯಿಟ್ಟು ಬಂದ ಹಡಗು ಇದೇ’ ಎಂದು ಮಕ್ಕಳಿಗೆ ತೋರಿಸುವ ಅಪ್ಪಂದಿರನ್ನು ಅಲ್ಲಿ ಕಂಡಿದ್ದೇನೆ. ಆದರೆ ಚಪಲ ನೌಕಾಪಡೆಗೆ ಸೇರಿದ್ದು 1976ರ ನವೆಂಬರ್‌ನಲ್ಲಿ. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿ. ನಡುವೆ ಐದು ವರ್ಷಗಳ ಅಂತರವಿದೆ.

ಈ ಐದು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದೆ ನಾನು ಒಂದು ಇಡೀ ಚಳಿಗಾಲದ ಕೆಲಸವನ್ನು ಕಳೆದುಕೊಂಡೆ. ಊರಿಗೆ ಹೋದಾಗ ಕಾರವಾರದಲ್ಲಿ ಉಳಿದು, ಚಪಲದ ಸುತ್ತ ಸುತ್ತಿ ಫೋಟೊ ತೆಗೆದು, ಅಳತೆಗಳನ್ನು ಬರೆದುಕೊಂಡು ಬಂದೆ. ಇಂದಿರಾಪುರಂನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೇಜು ಹಾಕಿಕೊಂಡು ಅದೇ ಅಳತೆಗಳಿಂದ ‘ನಿಪಾತ್’ನ ಮಾಡೆಲ್ ಮಾಡಲು ಕೂತೆ. ನಿಪಾತ್ ಕರಾಚಿಗೆ ನಿಜವಾಗಿಯೂ ಹೋದ ದೋಣಿ. ಕ್ಷಿಪಣಿಗಳನ್ನು ಇಡುವ ನಾಲ್ಕು ಉರುಟು ಕೊಳವೆಗಳನ್ನು ಕೊರೆದು, ಉಜ್ಜಿ, ಕೂರಿಸಿದ ಮೇಲೆ ಆ ಕಾಲದ ಒಂದು ಕಪ್ಪು-ಬಿಳುಪು ಚಿತ್ರ ಸಿಕ್ಕಿತು. ಅದರಲ್ಲಿ ಕೊಳವೆಗಳೇ ಇರಲಿಲ್ಲ. ಡೆಕ್ಕಿನ ಮೇಲೆ ಇದ್ದದ್ದು ನಾಲ್ಕು ದೊಡ್ಡ ಪೆಟ್ಟಿಗೆಗಳು.

ಯುದ್ಧಕಾಲದ ಸಣ್ಣ ಹಡಗುಗಳ ಮಾಡೆಲ್ ಮಾಡಬಯಸುವವರಿಗೆ ನನ್ನ ಮೊದಲ ಮಾತು ಆ ಚಿತ್ರದಿಂದ ಬಂದದ್ದು. ಮೊದಲು ಒಂದು ದೋಣಿಯನ್ನು ಆರಿಸಿ, ಆಮೇಲೆ ಅದರ ಬದುಕಿನ ಒಂದು ದಿನವನ್ನು ಆರಿಸಿ. ‘1971ರ ಕ್ಷಿಪಣಿ ದೋಣಿ’ ಎಂದರೆ ಸಾಲದು. ‘ಐಎನ್‌ಎಸ್ ನಿಪಾತ್, 1971ರ ಡಿಸೆಂಬರ್ 4’ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಇನ್ನು ಮುಂದೆ ಕೈಗೆ ಬರುವ ಪ್ರತಿ ಫೋಟೊ, ನಕ್ಷೆ, ನೆನಪಿಗೂ ಕೇಳಬೇಕಾದದ್ದು ಎರಡೇ ಪ್ರಶ್ನೆ: ಇದು ಯಾವ ದೋಣಿ? ಯಾವ ವರ್ಷ?

ಪೆಟ್ಟಿಗೆ ಮತ್ತು ಕೊಳವೆಯ ವ್ಯತ್ಯಾಸಕ್ಕೆ ಕಾರಣವನ್ನು ತಿಳಿದುಕೊಂಡರೆ ಇಂಥ ತಪ್ಪು ಮತ್ತೆ ಆಗುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಈ ದೋಣಿಗಳ ಹೆಸರು ಅಲ್ಲಿನ ಕಡತಗಳಲ್ಲಿ ಪ್ರಾಜೆಕ್ಟ್ 205. ಪಶ್ಚಿಮದ ದೇಶಗಳು ಕರೆದದ್ದು ‘ಓಸಾ’ ಎಂದು. ರಷ್ಯನ್ ಭಾಷೆಯಲ್ಲಿ ಅದಕ್ಕೆ ಕಡಜ ಎಂಬ ಅರ್ಥ. 1971ರಲ್ಲಿ ನಮಗೆ ಬಂದ ಎಂಟು ದೋಣಿಗಳು ಮೊದಲ ಬಗೆಯವು, ಓಸಾ-1. ವಿದ್ಯುತ್, ವಿಜೇತ, ವೀರ್, ವಿನಾಶ್, ನಿಪಾತ್, ನಾಶಕ್, ನಿರ್ಭೀಕ್, ನಿರ್ಘಾತ್ ಎಂಬವು ಆ ಎಂಟು. ಅವು ಹೊತ್ತಿದ್ದ ಪಿ-15 ಕ್ಷಿಪಣಿ ಸುಮಾರು 5.8 ಮೀಟರ್ ಉದ್ದದ್ದು. ರೆಕ್ಕೆ ಹರವಿದಾಗ 2.4 ಮೀಟರ್ ಅಗಲ. ಆ ರೆಕ್ಕೆಗಳು ಮಡಚುತ್ತಿರಲಿಲ್ಲ. ಹಾಗಾಗಿ ರೆಕ್ಕೆಯ ಪೂರ್ತಿ ಅಗಲ ಹಿಡಿಯುವಷ್ಟು ದೊಡ್ಡ, ಬಾಗಿಲುಳ್ಳ ಪೆಟ್ಟಿಗೆಯೇ ಬೇಕಾಗಿತ್ತು. ಮುಂದೆ ಬಂದ ಪಿ-15ಯು ಕ್ಷಿಪಣಿಯ ರೆಕ್ಕೆ ಮಡಚುವಂಥದ್ದು. ರೆಕ್ಕೆ ಮಡಚಿದ್ದರಿಂದ ಮನೆ ಚಿಕ್ಕದಾಯಿತು, ಪೆಟ್ಟಿಗೆ ಹೋಗಿ ಉರುಟು ಕೊಳವೆ ಬಂತು. ಅದು ಓಸಾ-2. ಚಪಲ ಆ ಗುಂಪಿನದು. 1976-77ರಲ್ಲಿ ಪ್ರಬಲ್, ಪ್ರಳಯ, ಚಮಕ್ ಮೊದಲಾದವುಗಳ ಜೊತೆ ಬಂದದ್ದು. ಎಂಜಿನ್‌ಗಳೂ ಬದಲಾದವು. ಮೂರು ಎಂಜಿನ್‌ಗಳಿಂದ ಓಸಾ-1ಕ್ಕೆ 12,000 ಅಶ್ವಶಕ್ತಿ ಸಿಗುತ್ತಿದ್ದರೆ ಓಸಾ-2ಕ್ಕೆ 15,000.

ಮೂರನೆಯ ತಲೆಮಾರು ಇನ್ನೂ ದಾರಿ ತಪ್ಪಿಸುತ್ತದೆ. ನೌಕಾಪಡೆಯಲ್ಲಿ ಹಳೆಯ ಹಡಗಿನ ಹೆಸರನ್ನು ಹೊಸದಕ್ಕೆ ಇಡುವ ಪದ್ಧತಿಯಿದೆ. 1987ರಿಂದ ಬಂದ ಟರಾಂಟುಲ್ ಮಾದರಿಯ ಹಡಗುಗಳಿಗೆ ವೀರ್, ನಿಪಾತ್, ನಿರ್ಘಾತ್, ವಿನಾಶ್ ಎಂಬ ಅದೇ ಹೆಸರುಗಳನ್ನು ಇಟ್ಟರು. ‘ಐಎನ್‌ಎಸ್ ವೀರ್’ ಎಂದು ಹುಡುಕಿದರೆ ಮೊದಲು ಸಿಗುವುದು ಈ ಹೊಸ ವೀರ್‌ನ ಚೆಂದದ ಬಣ್ಣದ ಚಿತ್ರಗಳು. ಮೂತಿಯ ಮೇಲೆ 76 ಮಿಲಿಮೀಟರ್‌ನ ಒಂಟಿ ತೋಪು ಕಂಡರೆ ಅದು ನಿಮ್ಮ ದೋಣಿಯಲ್ಲ. ಓಸಾದಲ್ಲಿ ಮುಂದೊಂದು ಹಿಂದೊಂದು, ದುಂಡನೆಯ ಗೋಪುರದಲ್ಲಿ 30 ಮಿಲಿಮೀಟರ್‌ನ ಜೋಡಿ ತೋಪುಗಳಿರುತ್ತವೆ.

ಇಷ್ಟಾದರೂ ಕಾರವಾರಕ್ಕೆ ಹೋಗಲೇಬೇಕು ಎನ್ನುತ್ತೇನೆ. ಎರಡು ಬಗೆಯ ಓಸಾಗಳಿಗೂ ಒಡಲು ಹೆಚ್ಚುಕಡಿಮೆ ಒಂದೇ: ಉದ್ದ 38.6 ಮೀಟರ್, ಅಗಲ 7.6 ಮೀಟರ್‌ಗೆ ತುಸು ಮೇಲೆ. ಯುದ್ಧಕಾಲದ ಯಾವ ಫೋಟೊದಲ್ಲೂ ನೀರಿನ ಕೆಳಗಿನ ಭಾಗ ಕಾಣುವುದಿಲ್ಲ. ಚಪಲ ದಡದ ಮೇಲೆ ನಿಂತಿರುವುದರಿಂದ ಹೊಟ್ಟೆಯ ಬಾಗು, ಮೂತಿ ಚೂಪಾಗುತ್ತ ಹೋಗುವ ರೀತಿ, ತಗಡುಗಳ ಬೆಸುಗೆಯ ಗೆರೆ ಎಲ್ಲ ಕಣ್ಣಿಗೆ ಸಿಗುತ್ತವೆ. ತೋಪುಗಳ ಬಗೆ ಕೂಡ ಅದೇ. ಅಂದರೆ ಈ ಸಾಕ್ಷಿಯನ್ನು ಒಡಲಿನ ಬಗ್ಗೆ ಕೇಳಬಹುದು, ಕ್ಷಿಪಣಿಯ ಮನೆಯ ಬಗ್ಗೆ ಕೇಳಬಾರದು. ಮ್ಯೂಸಿಯಂ ಆದಾಗ ಸೇರಿಸಿದ ಮೆಟ್ಟಿಲು, ಕೈಹಿಡಿ ಕಂಬಿ, ದೀಪಗಳನ್ನೂ ಲೆಕ್ಕದಿಂದ ಬಿಡಬೇಕು. ಬಣ್ಣವನ್ನಂತೂ ನಂಬಲೇಬಾರದು. ಕಡಲ ಗಾಳಿಗೆ ನಿಂತ ಹಡಗಿಗೆ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಬಳಿಯುವವರ ಉದ್ದೇಶ ತುಕ್ಕು ತಡೆಯುವುದು, 1971ರ ಬೂದು ಬಣ್ಣ ಉಳಿಸುವುದಲ್ಲ.

ಅಳತೆ ತೆಗೆಯುವುದಕ್ಕೆ ದುಬಾರಿ ಸಾಮಾನು ಬೇಡ. ಟಿಕೆಟ್ ಕೊಡುವಲ್ಲಿ ಉದ್ದೇಶ ಹೇಳಿ ಅನುಮತಿ ಪಡೆಯಿರಿ. ಎರಡು ಮೀಟರ್ ಉದ್ದದ ಒಂದು ಕೋಲಿಗೆ ಹತ್ತು ಹತ್ತು ಸೆಂಟಿಮೀಟರ್‌ಗೆ ಕಪ್ಪು-ಬಿಳಿ ಪಟ್ಟಿ ಬಳಿದುಕೊಂಡು ಹೋಗಿ. ಫೋಟೊ ತೆಗೆಯುವಾಗ ಬೇಕಾದ ಭಾಗದ ಪಕ್ಕದಲ್ಲೇ, ಅದೇ ದೂರದಲ್ಲಿ, ಕೋಲನ್ನು ನೆಟ್ಟಗೆ ನಿಲ್ಲಿಸಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕೋಲಿನ ಪಟ್ಟಿ ಎಣಿಸಿದರೆ ಎತ್ತರ ತಾನೇ ಸಿಗುತ್ತದೆ. ಮೊಬೈಲಿನಲ್ಲಿ ಹತ್ತಿರ ನಿಂತು ತೆಗೆದ ಚಿತ್ರದಲ್ಲಿ ನಡುಭಾಗ ಉಬ್ಬುತ್ತದೆ, ತುದಿಗಳು ಸಣ್ಣದಾಗುತ್ತವೆ. ಆದಷ್ಟು ದೂರ ಹೋಗಿ ಜೂಮ್ ಮಾಡಿ. ಉದ್ದಕ್ಕೆ ಎಡದಿಂದ ಬಲಕ್ಕೆ ನಡೆಯುತ್ತ ಪ್ರತಿ ಎರಡು ಹೆಜ್ಜೆಗೆ ಒಂದು ಚಿತ್ರ ತೆಗೆದರೆ ಆಮೇಲೆ ಪಶ್ಚಾತ್ತಾಪ ಇರುವುದಿಲ್ಲ. ಒಂದು ಎಚ್ಚರಿಕೆ: ಹತ್ತಿರದಲ್ಲೇ 2005ರಲ್ಲಿ ಆರಂಭವಾದ ಐಎನ್‌ಎಸ್ ಕದಂಬ ನೌಕಾನೆಲೆಯಿದೆ. ಆ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ. ಡ್ರೋನ್‌ನ ಯೋಚನೆಯನ್ನೇ ಬಿಡಿ.

ಹುಡುಕುವಾಗ ಹೆಸರಿನ ಕಾಗುಣಿತವೂ ಮುಖ್ಯ. ನಮ್ಮ ಪತ್ರಿಕೆಗಳಲ್ಲಿ ಚಪಲ ‘ಚಾಪೆಲ್’ ಆಗಿದೆ, ‘ಚಾಪಲ್’ ಕೂಡ ಆಗಿದೆ. ಮೂರನ್ನೂ ಹಾಕಿ ಹುಡುಕಿ. ರಷ್ಯನ್ ಲಿಪಿಯಲ್ಲಿ ‘ಪ್ರಾಯೆಕ್ತ್ 205’ ಅಥವಾ ‘ರಾಕೆತ್ನಿ ಕಾತೆರ್’ ಎಂದು ಅಂಟಿಸಿ ಹುಡುಕಿದಾಗ ಇಂಗ್ಲಿಷಿನಲ್ಲಿ ಕಾಣದ ಡೆಕ್ ನಕ್ಷೆಗಳು, ಅಡ್ಡಕೊಯ್ತದ ಚಿತ್ರಗಳು ನನಗೆ ದೊರೆತವು. ಪೆಟ್ಟಿಗೆಯುಳ್ಳ ಓಸಾ-1ನ್ನೇ ನೋಡಬೇಕಾದರೆ ಪೋಲೆಂಡಿನ ಕೊವೊಬ್ಜೆಗ್ ಎಂಬ ಕಡಲೂರಿನ ತೆರೆದ ಮ್ಯೂಸಿಯಂನಲ್ಲಿ ‘ವ್ವಾದಿಸ್ವಾವೊವೊ’ ಎಂಬ ದೋಣಿಯಿದೆ. ಅಲ್ಲಿಗೆ ಹೋಗಿಬಂದ ಪ್ರವಾಸಿಗರ ಚಿತ್ರಗಳಲ್ಲಿ ಪೆಟ್ಟಿಗೆಯ ಬಾಗಿಲ ತಿರುಗಣಿ, ಪಕ್ಕದ ಅಡ್ಡಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ನನ್ನ ಎರಡನೆಯ ನಿಪಾತ್‌ಗೆ ಒಡಲು ಕಾರವಾರದಿಂದ ಬಂತು, ಪೆಟ್ಟಿಗೆ ಪೋಲೆಂಡಿನಿಂದ. ಎರಡನ್ನೂ ನಿಪಾತ್‌ನ ಕಾಲದ ಫೋಟೊದ ಎದುರು ಇಟ್ಟು ಒಪ್ಪಿಗೆ ಪಡೆದ ಮೇಲೆಯೇ ಬ್ಲೇಡು ಎತ್ತಿಕೊಂಡೆ.

ಕಿಟ್ ಕೊಂಡು ಜೋಡಿಸುವವರಿಗೂ ಇದೇ ಮಾತು. ಮೆರಿಟ್ ಎಂಬ ಕಂಪನಿ 1:72 ಅಳತೆಯಲ್ಲಿ ಓಸಾ-1, ಓಸಾ-2 ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ತಂದಿದೆ. ಅಗ್ಗಕ್ಕೆ ಸಿಕ್ಕಿತೆಂದು 2ನ್ನು ತಂದು 1971ರ ದೋಣಿ ಮಾಡಲು ಹೊರಡಬೇಡಿ. ಸ್ವಂತವಾಗಿ ಮಾಡುವವರು ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. 1:72ರಲ್ಲಿ ನಿಪಾತ್ ಸುಮಾರು 53.6 ಸೆಂಟಿಮೀಟರ್ ಉದ್ದ, 10.6 ಸೆಂಟಿಮೀಟರ್ ಅಗಲ. ಕ್ಷಿಪಣಿ 8 ಸೆಂಟಿಮೀಟರ್. ಐದೂವರೆ ಅಡಿಗೆ ತುಸು ಮೇಲಿನ ನಾವಿಕ 23-24 ಮಿಲಿಮೀಟರ್. ಕರೆಂಟ್ ವೈರಿನೊಳಗಿನ ತಾಮ್ರದ ಎಳೆ ಸಾಮಾನ್ಯವಾಗಿ ಮಿಲಿಮೀಟರಿನ ಮೂರನೇ ಒಂದು ಪಾಲಿನ ಆಸುಪಾಸು ಇರುತ್ತದೆ. ಅದು ಈ ಅಳತೆಯಲ್ಲಿ ಎರಡು-ಎರಡೂವರೆ ಸೆಂಟಿಮೀಟರ್ ದಪ್ಪದ ಕಂಬಿಗೆ ಸಮ. ಡೆಕ್ಕಿನ ಅಂಚಿನ ಕಂಬಿಗೆ ಅದಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ನಿಜವಾದ ಹಡಗಿನಲ್ಲಿ ಐದು ಸೆಂಟಿಮೀಟರ್ ತಪ್ಪಿದರೆ ಮಾಡೆಲ್‌ನಲ್ಲಿ ತಪ್ಪುವುದು 0.7 ಮಿಲಿಮೀಟರ್. ಎಲ್ಲಿ ತಲೆ ಕೆಡಿಸಿಕೊಳ್ಳಬೇಕು, ಎಲ್ಲಿ ಬೇಡ ಎಂಬುದನ್ನು ಈ ಲೆಕ್ಕವೇ ಹೇಳಿಕೊಡುತ್ತದೆ.

ಹಳೆಯ ಫೋಟೊ ಓದುವುದು ನಿಧಾನಕ್ಕೆ ಕೈಗೂಡುವ ವಿದ್ಯೆ. ಪೂರ್ತಿ ಪಕ್ಕದಿಂದ ತೆಗೆದ ಚಿತ್ರ ಒಂದು ಸಿಕ್ಕರೂ ಅದೇ ನಕ್ಷೆಯಾಗುತ್ತದೆ. 38.6 ಮೀಟರಿನ ದೋಣಿ ಕಾಗದದ ಮೇಲೆ 19.3 ಸೆಂಟಿಮೀಟರ್ ಬಂದಿದ್ದರೆ ಒಂದು ಸೆಂಟಿಮೀಟರ್ ಎಂದರೆ ಎರಡು ಮೀಟರ್. ಓರೆಯಾಗಿ ತೆಗೆದದ್ದಾದರೆ ಉದ್ದ ಅಳೆಯಬೇಡಿ, ಎತ್ತರ ಮಾತ್ರ ಅಳೆಯಿರಿ. ಪಕ್ಕದಲ್ಲಿ ನಿಂತ ನಾವಿಕನೇ ಆಗ ಅಳತೆಗೋಲು. ಕಪ್ಪು-ಬಿಳುಪು ಚಿತ್ರದಿಂದ ಬಣ್ಣ ಹೇಳಲು ಹೋಗಬೇಡಿ. ಆದರೆ ಒಂದೇ ಚಿತ್ರದೊಳಗಿನ ಬಿಳಿ ಸಮವಸ್ತ್ರ, ನೀರಿನಂಚಿನ ಕಪ್ಪು ಪಟ್ಟಿ ಇವೆರಡರ ನಡುವೆ ಒಡಲಿನ ಬೂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳಬಹುದು. ಡೆಕ್ ಒಡಲಿಗಿಂತ ಗಾಢವೋ ತಿಳಿಯೋ ಎಂಬುದೂ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ: ಆರ್ಥೊಕ್ರೊಮ್ಯಾಟಿಕ್ ಎಂಬ ಫಿಲ್ಮಿಗೆ ಕೆಂಪು ಬಣ್ಣ ಕಾಣುವುದಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ ಬರುತ್ತದೆ.

ಬಣ್ಣವನ್ನು ಒಂದೇ ವಾರಕ್ಕಾಗಿ ಬದಲಿಸಿದ ಉದಾಹರಣೆ 1971ರದ್ದೇ ಇದೆ. ಆಗಿನ ಪೂರ್ವ ಪಾಕಿಸ್ತಾನದಲ್ಲಿ ಐಎನ್‌ಎಸ್ ಪನ್ವೇಲ್ ಎಂಬ ಗಸ್ತು ದೋಣಿ ಕಮಾಂಡರ್ ಎಂ. ಎನ್. ಸಾಮಂತ್ ನೇತೃತ್ವದಲ್ಲಿ ಮುಕ್ತಿವಾಹಿನಿಯ ‘ಪದ್ಮ’, ‘ಪಲಾಶ್’ ದೋಣಿಗಳ ಜೊತೆ ಖುಲ್ನಾ ಕಡೆಗೆ ನುಗ್ಗಿತು. ನಮ್ಮ ವಿಮಾನಗಳಿಗೆ ಗುರುತು ಸಿಗಲೆಂದು ಮೇಲ್ಭಾಗಕ್ಕೆ ಹಳದಿ ಗುರುತು ಹಾಕಿಕೊಂಡಿದ್ದರು. ಆದರೂ ಡಿಸೆಂಬರ್ 10ರಂದು ನಮ್ಮದೇ ವಿಮಾನಗಳು ಗುರುತು ತಪ್ಪಿ ದಾಳಿ ಮಾಡಿದವು. ಪದ್ಮ, ಪಲಾಶ್ ನಾಶವಾದವು, ಪನ್ವೇಲ್ ಉಳಿಯಿತು. ಪನ್ವೇಲ್‌ನ ಮಾಡೆಲ್‌ಗೆ ನವೆಂಬರ್‌ನಲ್ಲಿ ಒಂದು ಬಣ್ಣ, ಡಿಸೆಂಬರ್ ಎರಡನೇ ವಾರದಲ್ಲಿ ಇನ್ನೊಂದು. ದಿನ ಆರಿಸಿ ಎಂದು ಹಟ ಹಿಡಿಯುವುದು ಇದಕ್ಕಾಗಿ. ಆ ಹಳದಿ ಗುರುತಿನ ಹಿಂದೆ ಸತ್ತವರಿದ್ದಾರೆ. ಅದನ್ನು ಸರಿಯಾಗಿ ಹಾಕುವುದು ಅವರಿಗೆ ಸಲ್ಲಿಸುವ ಮರ್ಯಾದೆ ಎಂದೇ ನಾನು ಭಾವಿಸಿದ್ದೇನೆ.

ಬಾವುಟದಲ್ಲಿ ತಪ್ಪುವವರು ಇನ್ನೂ ಹೆಚ್ಚು. 1971ರಲ್ಲಿ ನೌಕಾಪಡೆಯ ಬಾವುಟವೆಂದರೆ ಬಿಳಿಯ ಮೇಲೆ ಕೆಂಪು ಶಿಲುಬೆ, ಮೇಲಿನ ಮೂಲೆಯಲ್ಲಿ ತ್ರಿವರ್ಣ. 2001ರಲ್ಲಿ ಶಿಲುಬೆಯನ್ನು ತೆಗೆದು ನೀಲಿ ಲಾಂಛನ ಇಟ್ಟರು. 2004ರಲ್ಲಿ ಶಿಲುಬೆ ಮರಳಿ ಬಂತು, ನಡುವೆ ಸಿಂಹಲಾಂಛನವೂ ಸೇರಿತು. 2022ರ ಸೆಪ್ಟೆಂಬರ್‌ನಿಂದ ಶಿಲುಬೆಯಿಲ್ಲದ, ಎಂಟು ಮೂಲೆಯ ನೀಲಿ ಲಾಂಛನದ ಹೊಸ ಬಾವುಟವಿದೆ. ಚಪಲ 2005ರ ಮೇ ತಿಂಗಳಲ್ಲಿ ನಿವೃತ್ತಿಯಾಯಿತು. ಅಂದರೆ ಅದೊಂದೇ ದೋಣಿ ತನ್ನ ಸೇವೆಯಲ್ಲಿ ಮೂರು ಬಾವುಟ ಕಂಡಿದೆ.

ದೆಹಲಿಯ ಸುತ್ತ ಇರುವ ನಮ್ಮಂಥವರಿಗೆ ಕಡಲು ದೂರ, ಆದರೆ ಕಾಗದ ಹತ್ತಿರ. ವೈಶಾಲಿಯಲ್ಲಿ ಮೆಟ್ರೊ ಹತ್ತಿ ಮಂಡಿ ಹೌಸ್‌ನಲ್ಲಿ ಬದಲಿಸಿದರೆ ಸೆಂಟ್ರಲ್ ಸೆಕ್ರೆಟೇರಿಯಟ್. ಅಲ್ಲಿಂದ ಜನಪಥದ ರಾಷ್ಟ್ರೀಯ ಅಭಿಲೇಖಾಗಾರಕ್ಕೆ ನಡೆದು ಹೋಗಬಹುದು. ಗುರುತಿನ ಚೀಟಿ ತೋರಿಸಿ ಓದುಗರಾಗಿ ಹೆಸರು ಬರೆಸಬೇಕು. ಹೋಗುವ ಮೊದಲು ಅದರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಕಡತದ ಸಂಖ್ಯೆ ಹುಡುಕಿಟ್ಟುಕೊಂಡರೆ ಅರ್ಧ ದಿನ ಉಳಿಯುತ್ತದೆ. ಆದರೆ ಸೋವಿಯತ್ ದೋಣಿಯ ಕಾರ್ಖಾನೆ ನಕ್ಷೆಯ ಆಸೆಯಿಟ್ಟುಕೊಂಡು ಅಲ್ಲಿಗೆ ಹೋಗಬೇಡಿ. ಅಲ್ಲಿ ಹೆಚ್ಚು ಫಲ ಸಿಗುವುದು ಸ್ವಾತಂತ್ರ್ಯಪೂರ್ವದ ರಾಯಲ್ ಇಂಡಿಯನ್ ನೇವಿಯ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ತೀರದ ಹೊಳೆ-ಹಿನ್ನೀರುಗಳಲ್ಲಿ ನಮ್ಮ ನಾವಿಕರು ಓಡಿಸಿದ ಫೇರ್‌ಮೈಲ್ ಮೋಟಾರ್ ಲಾಂಚ್‌ಗಳು 112 ಅಡಿ ಉದ್ದದ ಮರದ ದೋಣಿಗಳು. ಬಿಡಿಭಾಗಗಳನ್ನು ಪೀಠೋಪಕರಣದ ಕಾರ್ಖಾನೆಗಳಲ್ಲಿ ಮಾಡಿ, ಬೇರೆ ಕಡೆ ತಂದು ಜೋಡಿಸುತ್ತಿದ್ದರು. ಮಾಡೆಲ್ ಮಾಡುವವರಿಗೆ ಇದಕ್ಕಿಂತ ಹತ್ತಿರದ ದೋಣಿ ಯಾವುದಿದೆ? ಅವುಗಳ ಕಾರ್ಯಾಚರಣೆಗೆ ಡಿ. ಜೆ. ಇ. ಕಾಲಿನ್ಸ್ ಬರೆದ, 1964ರಲ್ಲಿ ಬಂದ ರಾಯಲ್ ಇಂಡಿಯನ್ ನೇವಿಯ ಅಧಿಕೃತ ಇತಿಹಾಸ ನೋಡಿ. ಚಿತ್ರಗಳಿಗೆ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಸಂಗ್ರಹವನ್ನು ಮನೆಯಿಂದಲೇ ನೋಡಬಹುದು.

1971ರ ಬಗ್ಗೆ ಮೊದಲು ಓದಬೇಕಾದದ್ದು ವೈಸ್ ಅಡ್ಮಿರಲ್ ಜಿ. ಎಂ. ಹೀರಾನಂದಾನಿ ಅವರ ‘ಟ್ರಾನ್ಸಿಷನ್ ಟು ಟ್ರಯಂಫ್’. ಯುದ್ಧದ ವೇಳೆ ಅವರು ಪಶ್ಚಿಮ ನೌಕಾದಳದ ಕಾರ್ಯಾಚರಣೆ ಅಧಿಕಾರಿಯಾಗಿದ್ದವರು. ಕರಾಚಿಗೆ ನಿಪಾತ್, ನಿರ್ಘಾತ್, ವೀರ್ ಹೋದದ್ದು, ಕ್ಷಿಪಣಿ ದೋಣಿಗಳ ದಳದ ಮುಖ್ಯಸ್ಥ ಕಮಾಂಡರ್ ಬಬ್ರು ಭಾನ್ ಯಾದವ್ ಜೊತೆಗಿದ್ದದ್ದು, ಬೆಂಗಾವಲಿಗೆ ಕಿಲ್ಟನ್, ಕಟ್ಚಲ್ ಇದ್ದದ್ದು ಇವುಗಳ ಹಿನ್ನೆಲೆ ಅದರಲ್ಲಿದೆ. ಸೋವಿಯತ್ ಒಕ್ಕೂಟದಿಂದ ಹಡಗಿನ ಮೇಲೆ ಹೇರಿಕೊಂಡು ಬಂದ ದೋಣಿಗಳನ್ನು ಕಲ್ಕತ್ತೆಯಲ್ಲಿ ಇಳಿಸಿದರು. ಅಷ್ಟು ಭಾರ ಎತ್ತುವ ಕ್ರೇನ್ ಆಗ ಮುಂಬಯಿಯಲ್ಲಿ ಇರಲಿಲ್ಲ. ಅಲ್ಲಿಂದ ಮುಂಬಯಿಗೆ ಎಳೆದುಕೊಂಡು ಬಂದರು. ಇದನ್ನು ಬರಿಯ ಕಥೆಯಾಗಿ ಓದಬೇಡಿ, ಮಾಡೆಲ್ ಮಾಡುವವರ ಕಣ್ಣಿನಿಂದ ಓದಿ. ಎಳೆಸಿಕೊಂಡು ಸಾಗಿದ ದೋಣಿಯ ಮೂತಿಯಲ್ಲಿ ಹಗ್ಗ ಕಟ್ಟುವ ಗೂಟ ಯಾವುದು, ಹಗ್ಗ ತೀಡಿ ಬಣ್ಣ ಹೋದದ್ದೆಲ್ಲಿ ಎಂದು ಫೋಟೊದಲ್ಲಿ ಹುಡುಕಲು ಆಗ ಕಾರಣ ಸಿಗುತ್ತದೆ. ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಎಸ್. ಎಂ. ನಂದಾ ಅವರ ಆತ್ಮಕಥೆಯೂ ಇದೆ, ಆದರೆ ಅದರಲ್ಲಿ ನಿರ್ಧಾರಗಳ ಮಾತೇ ಹೆಚ್ಚು.

ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ಅದೇ ರಸ್ತೆಯಲ್ಲಿ ಸೈನ್ಯದ ಹಿರಿಯ ಸಂಸ್ಥೆ ಯುನೈಟೆಡ್ ಸರ್ವಿಸ್ ಇನ್‌ಸ್ಟಿಟ್ಯೂಷನ್ನಿನ ಗ್ರಂಥಾಲಯವೂ ಇದೆ. ಸದಸ್ಯರಲ್ಲದವರು ಮೊದಲೇ ಪತ್ರ ಬರೆದು ಕೇಳಿಕೊಳ್ಳುವುದು ಒಳ್ಳೆಯದು. ಅಲ್ಲಿ ಅಥವಾ ಬೇರೆಲ್ಲಾದರೂ ಯುದ್ಧನೌಕೆಗಳ ವಾರ್ಷಿಕ ಗ್ರಂಥ ‘ಜೇನ್ಸ್ ಫೈಟಿಂಗ್ ಶಿಪ್ಸ್’ ಸಿಕ್ಕರೆ ನಿಮ್ಮ ವರ್ಷಕ್ಕೆ ಹತ್ತಿರದ ಸಂಪುಟವನ್ನೇ ತೆಗೆಯಿರಿ. 1990ರ ಸಂಪುಟ ಎಷ್ಟು ದಪ್ಪವಿದ್ದರೂ 1971ಕ್ಕೆ ಉಪಯೋಗವಿಲ್ಲ.

ಆ ದೋಣಿಗಳಲ್ಲಿ ದುಡಿದವರನ್ನು ಹುಡುಕುವುದು ಕಷ್ಟವೆಂದು ಅನೇಕರು ಬಿಟ್ಟುಬಿಡುತ್ತಾರೆ. ಇಂದಿರಾಪುರಂನ ಪಕ್ಕದ ನೋಯ್ಡಾದಲ್ಲಿ, ಬೆಂಗಳೂರಿನಲ್ಲಿ ‘ಜಲವಾಯು ವಿಹಾರ್’ ಎಂಬ ಬಡಾವಣೆಗಳಿವೆ. ನೌಕಾಪಡೆ, ವಾಯುಪಡೆಯವರಿಗಾಗಿ ಕಟ್ಟಿದವು. ಹಿರಿಯರೊಬ್ಬರ ಪರಿಚಯವಾದರೆ ಬರಿಗೈಯಲ್ಲಿ ಹೋಗಿ ‘ಬಣ್ಣ ಯಾವುದಿತ್ತು ಸರ್?’ ಎಂದು ಕೇಳಬೇಡಿ. ಐವತ್ತು ವರ್ಷಗಳ ಹಿಂದಿನ ಬೂದು ಬಣ್ಣ ಯಾರಿಗೂ ನೆನಪಿರುವುದಿಲ್ಲ, ಒತ್ತಾಯಿಸಿದರೆ ಸೌಜನ್ಯಕ್ಕಾಗಿ ಏನೋ ಒಂದು ಹೇಳುತ್ತಾರೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿದ ಚಿತ್ರಗಳನ್ನು, ಅರ್ಧ ಮುಗಿದ ಮಾಡೆಲ್ಲನ್ನು ಮುಂದಿಟ್ಟು ಸುಮ್ಮನೆ ಕೂತುಕೊಳ್ಳಿ. ಕೈ ತಾನಾಗಿ ಒಂದು ಜಾಗಕ್ಕೆ ಹೋಗುತ್ತದೆ. ‘ಇಲ್ಲಿ ನಾನು ನಿಲ್ಲುತ್ತಿದ್ದೆ’, ‘ಇದು ಇಲ್ಲಿರಲಿಲ್ಲ’ ಎಂಬ ಮಾತು ಬರುತ್ತದೆ. ‘ಇದು ಇಲ್ಲಿರಲಿಲ್ಲ’ ಎಂಬ ಒಂದು ಮಾತಿಗೆ ಹತ್ತು ಪುಸ್ತಕದ ಬೆಲೆಯಿದೆ. ಮಾತಿನ ದಿನಾಂಕ ಬರೆದಿಟ್ಟುಕೊಳ್ಳಿ. ಅವರು ಹೇಳಲಿಚ್ಛಿಸದ್ದನ್ನು ಕೆದಕಬೇಡಿ.

ನೋಟ್‌ಬುಕ್ಕಿನಲ್ಲಿ ಪ್ರತಿ ಭಾಗಕ್ಕೆ ಒಂದು ಸಾಲು ಮೀಸಲಿಡಿ: ಏನು, ಯಾವ ಆಧಾರದಿಂದ, ಎಷ್ಟು ಖಚಿತ. ನನ್ನ ಲೆಕ್ಕದಲ್ಲಿ ದಿನಾಂಕವಿರುವ ಫೋಟೊ ಎಲ್ಲಕ್ಕಿಂತ ಮೇಲೆ. ಆಮೇಲೆ ಮೂಲ ನಕ್ಷೆ, ಆಮೇಲೆ ಅದೇ ಬಗೆಯ ಉಳಿದ ದೋಣಿ, ಆಮೇಲೆ ನೆನಪು. ಯುದ್ಧದ ಕಲ್ಪನೆಯ ವರ್ಣಚಿತ್ರಗಳು, ಬೇರೆಯವರು ಮಾಡಿದ ಮಾಡೆಲ್‌ಗಳು ಆಧಾರವೇ ಅಲ್ಲ. ಅವುಗಳಲ್ಲಿನ ತಪ್ಪು ನಮ್ಮದಾಗಿಬಿಡುತ್ತದೆ. ಪ್ರದರ್ಶನಕ್ಕೆ ಇಡುವಾಗ ಊಹಿಸಿ ಮಾಡಿದ ಭಾಗಗಳನ್ನು ಫಲಕದ ಮೇಲೆ ಬರೆದುಬಿಡಿ. ನೋಡಿದ ಮಗು ನಾಳೆ ಅದನ್ನೇ ಸತ್ಯವೆಂದು ನಂಬುತ್ತದೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ನೌಕಾಪಡೆಯಲ್ಲಿ ಇದ್ದವರಾದರೆ ಅವರ ಆಲ್ಬಂ ತೆಗೆಯಿರಿ. ಗೆಳೆಯರ ಹಿಂದೆ ಅರ್ಧ ಕಾಣುವ ಡೆಕ್ಕು, ಒಣಹಾಕಿದ ಬಟ್ಟೆಯ ಹಿಂದಿನ ಪೆಟ್ಟಿಗೆ ಇರುವ ಚಿತ್ರವನ್ನೂ ಬಿಡದೆ ಸ್ಕ್ಯಾನ್ ಮಾಡಿ. ಹಿಂಬದಿಯನ್ನೂ ಮಾಡಿ. ಊರು, ತಾರೀಖು, ದೋಣಿಯ ಹೆಸರು ಬರೆದಿರುವುದು ಅಲ್ಲೇ.